ಪ್ಯಾಲಡಿನ್ ಒಳ್ಳೆಯದೋ, ಶಾಮನ್ ಒಳ್ಳೆಯದೋ: ಮಳೆಗಾಲದ ಲೈನಿನಲ್ಲಿ ಆಡಿ ನೋಡಿದ್ದು

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟದಲ್ಲಿ ಶಾಮನ್ ಆಡಿ, ಹೋರ್ಡ್ ಬಣ ಸೇರಿ. ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ನನ್ನ ಸಲಹೆ ಇಷ್ಟೇ. ಪುರುಸೊತ್ತಿದ್ದವರಿಗೆ ಕಾರಣವನ್ನೂ ಹೇಳುತ್ತೇನೆ. ಏಕೆಂದರೆ ನಾನು ಓದಿದ ಹೋಲಿಕೆಗಳೆಲ್ಲ ಇಂಟರ್‌ನೆಟ್ ಕಡಿಯದ ಊರಿನವರು ಬರೆದವು. ನಮ್ಮ ಹೊಸನಗರ ಕಡೆಯ ಜುಲೈ ತಿಂಗಳು ಅವರ ಲೆಕ್ಕಕ್ಕೇ ಬಂದಿಲ್ಲ.

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2004ರಲ್ಲಿ ಬಂದ ಆಟ. ಅದರ ಹಳೆಯ ರೂಪವನ್ನು 2019ರ ಆಗಸ್ಟ್‌ನಲ್ಲಿ ಕ್ಲಾಸಿಕ್ ಎಂಬ ಹೆಸರಿನಲ್ಲಿ ಮತ್ತೆ ತೆರೆದರು. ನಾನು ಆಡುವುದು ಅದನ್ನು. ಅದರಲ್ಲಿ ಎದುರುಬದುರಾದ ಎರಡು ಬಣಗಳು. ಪ್ಯಾಲಡಿನ್ ಎಂಬ ಧರ್ಮಯೋಧನ ಪಾತ್ರ ಅಲಯನ್ಸ್ ಬಣಕ್ಕೆ ಮಾತ್ರ, ಶಾಮನ್ ಎಂಬ ಮಂತ್ರವಾದಿಯ ಪಾತ್ರ ಹೋರ್ಡ್ ಬಣಕ್ಕೆ ಮಾತ್ರ. 2007ರ ಮೊದಲ ವಿಸ್ತರಣೆಯಲ್ಲಿ ಈ ಬೇಲಿಯನ್ನು ಕಿತ್ತರೂ ಕ್ಲಾಸಿಕ್‌ನಲ್ಲಿ ಅದು ಹಾಗೆಯೇ ಇದೆ. ಹಾಗಾಗಿ ಇಲ್ಲಿ ಕ್ಲಾಸ್ (ಪಾತ್ರದ ಬಗೆ) ಆರಿಸಿದರೆ ಪಕ್ಷವನ್ನೂ ಆರಿಸಿದಂತೆ. ಎರಡಕ್ಕೂ ಒಂದೇ ಮಾಸಿಕ ಚಂದಾ. ವ್ಯತ್ಯಾಸವಿರುವುದು, ಚಂದಾ ಕಟ್ಟಿದ ತಿಂಗಳಲ್ಲಿ ನೆಮ್ಮದಿಯಾಗಿ ಎಷ್ಟು ಹೊತ್ತು ಆಡಲು ಸಿಗುತ್ತದೆ ಎಂಬುದರಲ್ಲಿ.

ಅಡಿಕೆ ತೋಟದವನಿಗೆ ಆಟಕ್ಕೆ ಬಿಡುವು ಸಿಗುವುದೇ ಮಳೆಗಾಲದಲ್ಲಿ. ಕೊಯ್ಲು ಶುರುವಾದರೆ ಕಂಪ್ಯೂಟರ್ ಮೇಲಿನ ಧೂಳು ಒರೆಸಲೂ ಆಗುವುದಿಲ್ಲ. ಆ ತಿಂಗಳುಗಳಲ್ಲಿ ನಾನು ಚಂದಾ ಕಟ್ಟುವುದೇ ಇಲ್ಲ. ಮಳೆ ಹೊಳವಾದ ದಿನ ಕೊಳೆರೋಗಕ್ಕೆ ಔಷಧಿ ಹೊಡೆಸಬೇಕು. ಅದು ಬಿಟ್ಟರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾತ್ರಿಗಳೆಲ್ಲ ನನ್ನವೇ. ಆದರೆ ಇಂಟರ್‌ನೆಟ್ ಅತಿ ಹೆಚ್ಚು ಕೈಕೊಡುವುದೂ ಆ ರಾತ್ರಿಗಳಲ್ಲೇ.

ಕರೆಂಟ್ ಹೋದರೆ ಮನೆಯಲ್ಲಿ ಇನ್ವರ್ಟರ್ ಇದೆ. ಲ್ಯಾಪ್‌ಟಾಪ್ ಆರುವುದಿಲ್ಲ, ದೀಪ ಒಮ್ಮೆ ಕಣ್ಣು ಮಿಟುಕಿಸಿ ಸುಮ್ಮನಾಗುತ್ತದೆ. ಆದರೆ ಆ ಮಿಟುಕಿಗೆ ರೂಟರ್ ಆರಿ ಹೊತ್ತಿಕೊಳ್ಳುತ್ತದೆ. ಮೊದಲು ಪವರ್ ದೀಪ, ಆಮೇಲೆ ಕೆಂಪು ದೀಪ, ಕೆಂಪು ಹೋಗಿ ಹಸಿರು ಬಂದು, ಹಸಿರು ಮಿನುಗುವುದನ್ನು ನಿಲ್ಲಿಸುವವರೆಗೆ ಕಾಯಬೇಕು. ಕರೆಂಟ್ ವಾಪಸ್ ಬಂದಾಗ ಇದೇ ಕಥೆ ಇನ್ನೊಮ್ಮೆ. ರೂಟರ್‌ಗೆಂದೇ ಸಿಗುವ ಪುಟ್ಟ ಯುಪಿಎಸ್ ತಂದು ಜೋಡಿಸಿದೆ. ಮನೆಯ ಮಿಟುಕು ತಪ್ಪಿತು. ಆದರೆ ಕಂಬದಿಂದ ಕಂಬಕ್ಕೆ ಎಳೆದ ಕೇಬಲ್ ಮೇಲೆ ಕೊಂಬೆ ಬಿದ್ದರೆ ಯುಪಿಎಸ್ ಏನು ಮಾಡೀತು?

ಈ ಒಂದೆರಡು ನಿಮಿಷಗಳಲ್ಲಿ ಆಟದೊಳಗೆ ಏನಾಗುತ್ತದೆ ಎಂಬುದೇ ನನ್ನ ಹೋಲಿಕೆಯ ಜೀವಾಳ. ಲೈನ್ ಹೋದ ಕೂಡಲೇ ನಮ್ಮ ಪಾತ್ರ ಮಾಯವಾಗುವುದಿಲ್ಲ. ಸರ್ವರ್‌ಗೆ ವಿಷಯ ತಿಳಿಯುವವರೆಗೆ ಕೈಕಟ್ಟಿ ನಿಂತಿರುತ್ತದೆ. ಪ್ಯಾಲಡಿನ್ ಆಗಿ ಐದು ಜನರ ತಂಡವನ್ನು ಬದುಕಿಸುವ ಹೊಣೆ ನನ್ನದಾಗಿತ್ತು. ಪ್ಯಾಲಡಿನ್‌ನ ಚಿಕಿತ್ಸೆ ಒಂದೊಂದನ್ನೂ ನಾವೇ ಕೈಯಾರೆ ಮಾಡಬೇಕು. ಹೋಲಿ ಲೈಟ್ ಮಂತ್ರ ಮುಗಿಯಲು ಎರಡೂವರೆ ಸೆಕೆಂಡ್ ಬೇಕು. ಆಶೀರ್ವಾದಗಳು ಐದೈದು ನಿಮಿಷಕ್ಕೆ ಮುಗಿಯುತ್ತವೆ, ಒಬ್ಬೊಬ್ಬರಿಗೂ ಮತ್ತೆ ಕೊಡಬೇಕು. ಕೈ ನಿಂತರೆ ಎಲ್ಲವೂ ನಿಂತಿತು. ಡೆಡ್‌ಮೈನ್ಸ್ ಗುಹೆಯ ಕೊನೆಯಲ್ಲಿ ಹಡಗಿನ ಮೇಲೆ ಕಾದಾಡುತ್ತಿದ್ದಾಗ ಪರದೆ ಹೆಪ್ಪುಗಟ್ಟಿತು. ಬೆಂಗಳೂರಿನಿಂದ ಜೊತೆಗೆ ಆಡುತ್ತಿದ್ದ ತಮ್ಮ ಫೋನ್ ಮಾಡಿದ: "ಅಣ್ಣ, ಎಲ್ಲರೂ ಸತ್ತೆವು. ಉಳಿದವರು ಕೇಳುತ್ತಿದ್ದಾರೆ, ಏನು ಹೇಳಲಿ?" ಮಳೆ ಎಂದು ಹೇಳು ಎಂದೆ. ಹೇಳಿದನಂತೆ. ಯಾರೂ ನಂಬಲಿಲ್ಲ.

ಪ್ಯಾಲಡಿನ್ ಸಾಯುವುದೇ ಕಷ್ಟ, ಡಿವೈನ್ ಶೀಲ್ಡ್ ಗುಳ್ಳೆಯೊಳಗೆ ಹೊಕ್ಕು ಪಾರಾಗಬಹುದು ಎನ್ನುತ್ತಾರೆ. ನಿಜ. ಆದರೆ ಗುಂಡಿ ಒತ್ತಿದ್ದು ಸರ್ವರ್‌ಗೆ ತಲುಪಬೇಕಲ್ಲ!

ಶಾಮನ್‌ನ ಕೆಲಸದ ರೀತಿಯೇ ಬೇರೆ. ನೆಲ, ಬೆಂಕಿ, ನೀರು, ಗಾಳಿ ಎಂದು ನಾಲ್ಕು ಬಗೆಯ ಟೋಟೆಮ್‌ಗಳನ್ನು (ಮಂತ್ರದ ಪುಟ್ಟ ಕಂಬಗಳನ್ನು) ನೆಲದಲ್ಲಿ ನೆಟ್ಟರೆ ಅವು ತಮ್ಮ ಪಾಡಿಗೆ ಕೆಲಸ ಮಾಡುತ್ತವೆ. ಹೀಲಿಂಗ್ ಸ್ಟ್ರೀಮ್ ಟೋಟೆಮ್ ತಂಡಕ್ಕೆ ಸ್ವಲ್ಪ ಸ್ವಲ್ಪವಾಗಿ ಜೀವ ತುಂಬುತ್ತದೆ, ವಿಂಡ್‌ಫ್ಯೂರಿ ಟೋಟೆಮ್ ಪಕ್ಕದ ಕತ್ತಿಯವರ ಏಟು ಹೆಚ್ಚಿಸುತ್ತದೆ. ನಾನು ರೂಟರ್‌ನ ಕೆಂಪು ದೀಪ ನೋಡುತ್ತಾ ಕುಳಿತಿದ್ದಾಗಲೂ ಅವು ಅಲ್ಲಿ ನಿಂತು ದುಡಿಯುತ್ತಿರುತ್ತವೆ. ದೊಡ್ಡ ರಕ್ಷಣೆಯೇನಲ್ಲ, ಒಂದೆರಡು ನಿಮಿಷದ ಆಯುಷ್ಯ ಅಷ್ಟೇ. ಆದರೆ ನನಗೆ ಬೇಕಾಗಿದ್ದೂ ಅಷ್ಟೇ ಹೊತ್ತು. ದೋಷಗಳಿಲ್ಲವೆಂದಲ್ಲ. ಟೋಟೆಮ್‌ಗೆ ಇರುವುದು ಐದೇ ಅಂಕದ ಪ್ರಾಣ, ಒಂದು ಏಟಿಗೆ ಮುರಿಯುತ್ತದೆ. ತಂಡ ಮುಂದೆ ಹೋದರೆ ಅದು ಹಿಂದೆಯೇ ಉಳಿಯುತ್ತದೆ, ಹೊಸದಾಗಿ ನೆಡಬೇಕು. ಸತ್ತರೆ ತಾನೇ ಎದ್ದು ಬರುವ ವಿದ್ಯೆಯೂ ಶಾಮನ್‌ಗಿದೆ. ಅದಕ್ಕೆ ಆಂಖ್ ಎಂಬ ವಸ್ತು ಚೀಲದಲ್ಲಿರಬೇಕು.

ಕುದುರೆಯ ವಿಷಯದಲ್ಲಿ ಪ್ಯಾಲಡಿನ್ ಗೆಲ್ಲುತ್ತದೆ: ನಲವತ್ತನೇ ಹಂತದಲ್ಲಿ ಬಿಟ್ಟಿ ಸಿಗುತ್ತದೆ. ಶಾಮನ್ ಚಿನ್ನ ಕೂಡಿಟ್ಟು ಸವಾರಿ ಕೊಳ್ಳಬೇಕು, ಅಲ್ಲಿಯವರೆಗೆ ಇಪ್ಪತ್ತನೇ ಹಂತದಲ್ಲಿ ಸಿಗುವ ತೋಳದ ರೂಪದಲ್ಲೇ ಓಡಾಟ.

ಇನ್ನು ಪಕ್ಷದ ವಿಚಾರ. ಅಲಯನ್ಸ್‌ನ ರಾಜಧಾನಿ ಸ್ಟಾರ್ಮ್‌ವಿಂಡ್ ಯುದ್ಧದಲ್ಲಿ ಹಾಳಾದಾಗ ಕಲ್ಲುಕುಟಿಗರು ಅದನ್ನು ಮತ್ತೆ ಕಟ್ಟಿದರು. ಸಿರಿವಂತರು ಅವರಿಗೆ ಕೂಲಿ ಕೊಡಲಿಲ್ಲ. ಹೀಗೆ ಹುಟ್ಟಿದ್ದೇ ಡಿಫಾಯಸ್ ಎಂಬ ದಂಗೆಕೋರರ ಗುಂಪು. ಡೆಡ್‌ಮೈನ್ಸ್‌ನ ಹಡಗಿನಲ್ಲಿ ಅಡಗಿರುವವನು ಆ ಕುಟಿಗರ ನಾಯಕ ಎಡ್ವಿನ್ ವ್ಯಾನ್‌ಕ್ಲೀಫ್. ಅವನ ತಲೆ ತಂದುಕೊಟ್ಟರೆ ಅಲಯನ್ಸ್ ಆಟಗಾರನಿಗೆ ಬಹುಮಾನ. ಬಾಕಿ ಕೂಲಿಯ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಬೆಳಕು, ಧರ್ಮ ಎಂದೆಲ್ಲ ಹೇಳಿಕೊಳ್ಳುವ ಪ್ಯಾಲಡಿನ್ ಆಗಿ ಈ ಕೆಲಸ ಮಾಡುವುದು ನನಗೆ ಒಗ್ಗಲಿಲ್ಲ.

ನನ್ನ ಶಾಮನ್ ಹೋರ್ಡ್‌ನ ಟ್ರೋಲ್ ಎಂಬ ಜನಾಂಗದವನು, ಡಾರ್ಕ್‌ಸ್ಪಿಯರ್ ಬುಡಕಟ್ಟಿನವನು. ಅವರ ದ್ವೀಪ ಸಮುದ್ರದಲ್ಲಿ ಮುಳುಗಿತು. ಹೋರ್ಡ್‌ನ ಇನ್ನೊಂದು ಜನಾಂಗವಾದ ಓರ್ಕ್‌ಗಳ ನಾಯಕ ಥ್ರಾಲ್ ಅವರನ್ನು ಕರೆತಂದು ನೆಲೆ ಕೊಟ್ಟ. ಹೊಸದಾಗಿ ನೆಲೆಸಿದ ಎಕೋ ದ್ವೀಪಗಳನ್ನೂ ತಮ್ಮವನೇ ಆದ ಮಾಂತ್ರಿಕ ಜಲಜೇನ್ ಕಸಿದುಕೊಂಡ. ಕ್ಲಾಸಿಕ್‌ನಲ್ಲಿ ಟ್ರೋಲ್‌ಗಳಿಗೆ ಸ್ವಂತ ರಾಜಧಾನಿ ಇಲ್ಲ. ಸೆನ್‌ಜಿನ್ ಎಂಬ ಕಡಲದಂಡೆಯ ಹಳ್ಳಿಯಲ್ಲಿದ್ದುಕೊಂಡು ಕಳೆದುಹೋದ ದ್ವೀಪಗಳ ಕಡೆ ನೋಡುತ್ತಿರುತ್ತಾರೆ. ನಮ್ಮ ಅಪ್ಪನ ಮನೆಯವರು ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ಏರಿದಾಗ ಊರು ಬಿಟ್ಟವರು. ಸಂತ್ರಸ್ತರ ಜಮೀನಿನ ಹಕ್ಕುಪತ್ರದ ಅಲೆದಾಟ ಇಂದಿಗೂ ಮುಗಿದಿಲ್ಲ. ಹಾಗಾಗಿ ಸೆನ್‌ಜಿನ್ ಹಳ್ಳಿಯಲ್ಲಿ ಯಾರ ಪರ ನಿಲ್ಲಬೇಕು ಎಂದು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಅಲ್ಲಿಯೂ ಜಲಜೇನ್‌ನ ತಲೆಯನ್ನೇ ಕೇಳುತ್ತಾರೆ. ಕೊಡಲು ನನಗೆ ಅಡ್ಡಿಯೆನಿಸಲಿಲ್ಲ.

ಹೋರ್ಡ್‌ನಲ್ಲಿ ಎಲ್ಲರೂ ಸಜ್ಜನರೆಂದು ತಿಳಿಯಬೇಡಿ. ಅಲ್ಲಿನ ಫರ್ಸೇಕನ್ ಪಂಗಡದ ಮದ್ದಿನವರು ಹೊಸ ರೋಗವೊಂದನ್ನು ತಯಾರಿಸಿ ಸೆರೆಯಾಳುಗಳ ಮೇಲೆ ಪ್ರಯೋಗಿಸುತ್ತಾರೆ, ಸಾಮಗ್ರಿ ತರಲು ನಮ್ಮನ್ನೇ ಕಳಿಸುತ್ತಾರೆ. ಸಮ್ಮಿಶ್ರ ಸರ್ಕಾರ ಎಂದಮೇಲೆ ಇದೆಲ್ಲ ಇದ್ದದ್ದೇ.

ನಾನಿದ್ದದ್ದು ಆಟಗಾರರು ಪರಸ್ಪರ ಕಾದಾಡುವ ಸರ್ವರ್. ಅಲ್ಲಿ ಒಂದೇ ಖಾತೆಯಲ್ಲಿ ಎರಡೂ ಬಣದ ಪಾತ್ರ ಇಟ್ಟುಕೊಳ್ಳುವಂತಿರಲಿಲ್ಲ, ಹಾಗಾಗಿ ಪ್ಯಾಲಡಿನ್ ಅಳಿಸಿಯೇ ಶಾಮನ್ ಮಾಡಿದೆ. ತಮ್ಮ ಅಲ್ಲೇ ಉಳಿದ. ಎದುರು ಬಣದವರ ಮಾತು ಪರದೆಯಲ್ಲಿ ಕಲಸುಮೇಲೋಗರವಾಗಿ ಕಾಣುತ್ತದೆ. ನಾನು ನಕ್ಕು 'ಲೋಲ್' ಎಂದು ಬರೆದರೆ ಅವನಿಗೆ 'ಕೆಕ್', ಅವನು ಬರೆದರೆ ನನಗೆ 'ಬುರ್'. ಕೈಬೀಸುವ ಸನ್ನೆ ಮಾತ್ರ ಸರಿಯಾಗಿ ತಲುಪುತ್ತದೆ. ಆಟದ ಹೊಸ ಆವೃತ್ತಿಯಲ್ಲಿ 2022ರಿಂದ ಎರಡೂ ಬಣದವರು ಒಂದೇ ತಂಡದಲ್ಲಿ ಗುಹೆಗಿಳಿಯಬಹುದು. ಹಣ ಕಟ್ಟಿ ಬಣ ಬದಲಿಸುವ ಸೌಲಭ್ಯವಂತೂ 2009ರಲ್ಲೇ ಬಂತು. ನಮ್ಮಲ್ಲಿ ಪಕ್ಷಾಂತರಕ್ಕೆ 1985ರಿಂದ ಕಾಯ್ದೆ ಇದೆ, ಅಲ್ಲಿ ದರಪಟ್ಟಿ ಇದೆ. ಯಾವುದು ಹೆಚ್ಚು ಪ್ರಾಮಾಣಿಕ ಎಂದು ನೀವೇ ತೀರ್ಮಾನಿಸಿ.

ಬೇರೆ ಕ್ಲಾಸ್‌ಗಳಲ್ಲಿ, ಮರೆಯಲ್ಲಿ ಹೊಂಚುಹಾಕುವ ರೋಗ್ ನಮ್ಮ ಲೈನಿಗೆ ಆಗದು: ಬೆನ್ನಿಗೆ ಇರಿಯುವಷ್ಟರಲ್ಲಿ ಎದುರಾಳಿ ತಿರುಗಿರುತ್ತಾನೆ. ಕೊಂಬೆ ದಿನಾ ಬೀಳುವ ಊರಾದರೆ ಹಂಟರ್ ಆಡಿ. ಅವನ ಸಾಕುಪ್ರಾಣಿ ತಾನಾಗಿಯೇ ಕಾದಾಡುತ್ತದೆ, ತಂಡದ ಜೀವ ಅವನ ಕೈಯಲ್ಲಿ ಇರುವುದಿಲ್ಲ. ಆದರೆ ಪ್ರಾಣಿಗೆ ಹೊತ್ತುಹೊತ್ತಿಗೆ ಮೇವು, ಬಿಲ್ಲಿಗೆ ಚೀಲದ ತುಂಬ ಬಾಣ. ಕೊಟ್ಟಿಗೆ ಕೆಲಸ ಮುಗಿಸಿ ಬಂದವನಿಗೆ ಅಲ್ಲಿಯೂ ಅದೇ ಕೆಲಸ ಬೇಡವೆನಿಸಿತು.

ನಲವತ್ತು ಜನರ ದೊಡ್ಡ ದಾಳಿಗಳಿಗೆ ನಾನು ಹೆಸರು ಕೊಡುವುದಿಲ್ಲ. ಮೂರು ಗಂಟೆ ಕರೆಂಟ್ ಇರುತ್ತದೆಂದು ಇಲ್ಲಿ ಕುಳಿತು ಮಾತು ಕೊಡುವವರು ಯಾರು? ಐದು ಜನರ ಗುಹೆ, ನಾಲ್ಕು ಟೋಟೆಮ್, ನಾಲ್ಕು ತಿಂಗಳ ಚಂದಾ, ನನಗೆ ಇಷ್ಟು ಸಾಕು. ತಮ್ಮ ಇನ್ನೂ ಪ್ಯಾಲಡಿನ್ ಬಿಟ್ಟಿಲ್ಲ. ಅವನ ಅಪಾರ್ಟ್‌ಮೆಂಟಿಗೆ ಜನರೇಟರ್ ಇದೆ, ಅವನಿಗೆ ಅದೇ ಸರಿ.