ಫೋನ್ ಅಡಾಪ್ಟರ್, ಕೈ ಸ್ಕ್ಯಾನರ್, ಒತ್ತಡದ ಗೇಜು: ಹಳೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ದೋಷ ಹುಡುಕಲು ಯಾವುದು?

ಹಳೆಯ ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಗೇರು ಬದಲಿಸುವಾಗ ತೊಂದರೆ ಕೊಡತೊಡಗಿದಾಗ ಅದರ ಮೂಲ ಹುಡುಕಲು ನಾನು ಮೂರು ಸಲಕರಣೆಗಳನ್ನು ಬಳಸಿ ನೋಡಿದೆ: ಬ್ಲೂಟೂತ್ ಮೂಲಕ ಫೋನಿಗೆ ಸೇರುವ ಇಎಲ್‌ಎಂ327 ಮಾದರಿಯ ಅಗ್ಗದ ಅಡಾಪ್ಟರ್, ಗೇರ್‌ಬಾಕ್ಸಿನ ಕಂಪ್ಯೂಟರನ್ನೂ ಓದಬಲ್ಲ ಮಧ್ಯಮ ದರ್ಜೆಯ ಕೈ ಸ್ಕ್ಯಾನರ್ ಮತ್ತು ಆಯಿಲಿನ ಒತ್ತಡ ಅಳೆಯುವ ಗೇಜು. ಇವುಗಳಲ್ಲಿ ಕೈ ಸ್ಕ್ಯಾನರೇ ನನ್ನ ಆಯ್ಕೆ. ಇಡೀ ಗೇರ್‌ಬಾಕ್ಸ್ ಬಿಚ್ಚಿಸುವ ಖರ್ಚನ್ನು ಅದು ತಪ್ಪಿಸಿದ್ದರಿಂದ ನಾನು ಅದರ ಪಕ್ಷಪಾತಿಯೆಂಬುದನ್ನು ಓದುಗರು ಮೊದಲೇ ತಿಳಿದಿರುವುದು ಒಳ್ಳೆಯದು.

ನನ್ನದು ವಿದ್ಯುನ್ಮಾನ ನಿಯಂತ್ರಣವುಳ್ಳ ನಾಲ್ಕು ಗೇರಿನ ಪೆಟ್ಟಿಗೆ. ತಣ್ಣಗಿರುವಷ್ಟು ಹೊತ್ತು ಅದರಲ್ಲಿ ಯಾವ ಕುಂದೂ ಕಾಣುತ್ತಿರಲಿಲ್ಲ. ಚೆನ್ನಾಗಿ ಕಾದ ಮೇಲೆ, ಮೂರನೆಯ ಗೇರಿನಲ್ಲಿ ಒಂದೇ ವೇಗದಲ್ಲಿ ಸಾಗುತ್ತಿರುವಾಗ, ಎಂಜಿನ್ ಇದ್ದಕ್ಕಿದ್ದಂತೆ ಅಬ್ಬರಿಸಿ, ಕಾರು ಒಮ್ಮೆ ಜಗ್ಗಿ, ಮರುಕ್ಷಣವೇ ಎಲ್ಲವೂ ಮೊದಲಿನಂತಾಗುತ್ತಿತ್ತು. ತೋರಿಸಿದ ಗ್ಯಾರೇಜಿನವರು ಪೆಟ್ಟಿಗೆಯೊಳಗೆ ಗೇರನ್ನು ಹಿಡಿದಿಡುವ ಕ್ಲಚ್ ಪ್ಲೇಟುಗಳು ಸವೆದು ಜಾರುತ್ತಿವೆ, ಪೆಟ್ಟಿಗೆಯನ್ನು ಬಿಚ್ಚಲೇಬೇಕು ಎಂದರು. ಆದರೆ ಆಯಿಲಿನ ಮಟ್ಟ ಸರಿಯಾಗಿತ್ತು, ಬಣ್ಣ ಕಪ್ಪಾಗಿರಲಿಲ್ಲ, ಸುಟ್ಟ ವಾಸನೆಯೂ ಇರಲಿಲ್ಲ. ಆದ್ದರಿಂದ ಅವರ ಮಾತನ್ನು ಹಾಗೆಯೇ ಒಪ್ಪಲು ಮನಸ್ಸಾಗಲಿಲ್ಲ. (ಆಯಿಲಿನ ಮಟ್ಟವನ್ನು ಕೈಪಿಡಿಯಲ್ಲಿ ಹೇಳಿರುವ ಉಷ್ಣತೆಯಲ್ಲಿ ಪರೀಕ್ಷಿಸುವ ಮೊದಲು ಯಾವ ಸಲಕರಣೆಗೂ ಹಣ ಹಾಕಬಾರದು.)

ಫೋನ್ ಅಡಾಪ್ಟರಿನ ಬೆಲೆಗೆ ಅದು ಮಾಡುವ ಕೆಲಸ ಕಡಿಮೆಯೇನಲ್ಲ. ಎಂಜಿನ್ನಿನ ದೋಷ ಸಂಕೇತಗಳನ್ನು ಓದುತ್ತದೆ, ಅಳಿಸುತ್ತದೆ. ಗೇರ್‌ಬಾಕ್ಸಿನ ವಿಷಯಕ್ಕೆ ಬಂದರೆ ಅದು ಹೆಚ್ಚಾಗಿ ತೋರಿಸುವುದು ಪಿ0700 ಎಂಬ ಒಂದೇ ಸಂಕೇತವನ್ನು. ಗೇರ್‌ಬಾಕ್ಸ್ ಕಂಪ್ಯೂಟರಿನಲ್ಲಿ ಏನೋ ದಾಖಲಾಗಿದೆ, ಅಲ್ಲಿಗೇ ಹೋಗಿ ಕೇಳಿ ಎಂಬುದಷ್ಟೇ ಅದರ ಅರ್ಥ. ನನ್ನ ಕಾರಿನಲ್ಲಿ ಅದೂ ಬರಲಿಲ್ಲ, ಏಕೆಂದರೆ ದೋಷವು ಸಂಕೇತ ದಾಖಲಾಗುವಷ್ಟು ಹೊತ್ತು ಇರುತ್ತಲೇ ಇರಲಿಲ್ಲ.

ಹಾಗಾದರೆ ಓಡುತ್ತಿರುವಾಗಿನ ಅಂಕಿಗಳನ್ನು ದಾಖಲಿಸಿ, ಆಮೇಲೆ ಕುಳಿತು ನೋಡೋಣವೆಂದರೆ ಅಡಾಪ್ಟರಿನ ನಿಜವಾದ ಕಿರಿಕಿರಿ ಅಲ್ಲಿಂದಲೇ ಶುರುವಾಗುತ್ತದೆ. ನನ್ನ ಕಾರಿನ ಕಾಲದ ಅನೇಕ ಕಾರುಗಳಲ್ಲಿ ಮಾಹಿತಿ ಹರಿಯುವುದು ಕೆ-ಲೈನ್ ಎಂಬ ಒಂದೇ ತಂತಿಯಲ್ಲಿ, ಸೆಕೆಂಡಿಗೆ 10,400 ಬಿಟ್‌ಗಳ ವೇಗದಲ್ಲಿ. ಅಡಾಪ್ಟರು ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಬೇಕು, ಉತ್ತರ ಬಂದ ಮೇಲೆ ಮುಂದಿನ ಪ್ರಶ್ನೆಗೆ ಮುನ್ನ ಸಾಮಾನ್ಯವಾಗಿ ಕನಿಷ್ಠ 55 ಮಿಲಿಸೆಕೆಂಡ್ ಕಾಯಬೇಕು. ಎಂಜಿನ್ ವೇಗ, ಕಾರಿನ ವೇಗ, ಥ್ರಾಟಲ್, ಉಷ್ಣತೆ ಹೀಗೆ ಐದಾರು ಅಂಕಿಗಳನ್ನು ಆರಿಸಿಕೊಂಡರೆ ಒಂದೊಂದೂ ಹೊಸದಾಗಲು ಸೆಕೆಂಡಿನಷ್ಟು ಹೊತ್ತು ಹಿಡಿಯುತ್ತದೆ. ನಾನು ಹಿಡಿಯಬೇಕಾಗಿದ್ದ ಘಟನೆಯೋ ಅಷ್ಟರೊಳಗೆ ಹುಟ್ಟಿ ಅಡಗುತ್ತಿತ್ತು.

ಅಂಕಿಗಳನ್ನು ಎರಡಕ್ಕೆ ಇಳಿಸಿದಾಗ ದಾಖಲೆಯಲ್ಲಿ ಏನೋ ಕಂಡಿತು, ಆದರೆ ಅದು ದಾರಿ ತಪ್ಪಿಸುವಂಥದು. ಕಾರಿನ ವೇಗ ಬದಲಾಗಿರಲಿಲ್ಲ, ಎಂಜಿನ್ ಮಾತ್ರ 2000 ಸುತ್ತಿನಿಂದ 3000ದ ಆಸುಪಾಸಿಗೆ ನೆಗೆದಿತ್ತು. ಕ್ಲಚ್ ಜಾರಿದರೂ ಹೀಗೆಯೇ ಕಾಣುತ್ತದೆ, ಕಂಪ್ಯೂಟರು ಮೂರನೆಯ ಗೇರಿನಿಂದ ಎರಡನೆಯದಕ್ಕೆ ಇಳಿಸಿದರೂ ಹೀಗೆಯೇ ಕಾಣುತ್ತದೆ. ಮೊದಲನೆಯದಾದರೆ ಪೆಟ್ಟಿಗೆ ಬಿಚ್ಚಬೇಕು, ಎರಡನೆಯದಾದರೆ ಬಿಚ್ಚುವ ಅಗತ್ಯವೇ ಇಲ್ಲದಿರಬಹುದು. ಇವೆರಡನ್ನು ಬೇರ್ಪಡಿಸಲು ಬೇಕಾದ ಟರ್ಬೈನ್ ವೇಗ (ಗೇರ್‌ಬಾಕ್ಸಿನ ಒಳಕ್ಕೆ ಬರುವ ಸುತ್ತಿನ ವೇಗ) ಮತ್ತು ಔಟ್‌ಪುಟ್ ಶಾಫ್ಟಿನ ವೇಗ (ಅಲ್ಲಿಂದ ಚಕ್ರಗಳತ್ತ ಹೊರಡುವ ಸುತ್ತಿನ ವೇಗ) ಅಡಾಪ್ಟರಿನ ಸಾಮಾನ್ಯ ಪಟ್ಟಿಯಲ್ಲಿ ನನಗೆ ಸಿಗಲೇ ಇಲ್ಲ.

ಕೈ ಸ್ಕ್ಯಾನರು ಗೆದ್ದದ್ದು ಇಲ್ಲಿ. ಅದು ಗೇರ್‌ಬಾಕ್ಸ್ ಕಂಪ್ಯೂಟರಿನೊಡನೆ ತಯಾರಕರದೇ ಭಾಷೆಯಲ್ಲಿ ಮಾತನಾಡುವುದರಿಂದ ಒಂದೇ ಪ್ರಶ್ನೆಗೆ ಹಲವು ಅಂಕಿಗಳು ಒಟ್ಟಿಗೆ ಬರುತ್ತವೆ. ತಂತಿ ಅದೇ ಆದರೂ ಚಿತ್ರ ದಟ್ಟವಾಗುತ್ತದೆ. ನನ್ನ ಪೆಟ್ಟಿಗೆಯಲ್ಲಿ ಎರಡನೆಯ ಗೇರಿನ ಅನುಪಾತ ಸುಮಾರು 1.55, ಮೂರನೆಯದು 1. ಟರ್ಬೈನ್ ವೇಗವನ್ನು ಔಟ್‌ಪುಟ್ ವೇಗದಿಂದ ಭಾಗಿಸಿದಾಗ ಬರುವ ಸಂಖ್ಯೆ ಈ ಎರಡರಲ್ಲಿ ಒಂದಕ್ಕೆ ಬಂದು ನಿಂತರೆ ಗೇರು ಹಿಡಿದಿದೆ, ನಿಲ್ಲದೆ ತೇಲುತ್ತಿದ್ದರೆ ಜಾರುತ್ತಿದೆ ಎಂದು ತಿಳಿಯಬೇಕು. ನನಗೆ ಕಂಡದ್ದು ಎರಡೂ ಅಲ್ಲ. ಎಂಜಿನ್ ಅಬ್ಬರಿಸುವುದಕ್ಕೆ ತುಸು ಮುಂಚೆ ಔಟ್‌ಪುಟ್ ವೇಗ ನೇರವಾಗಿ ಸೊನ್ನೆಗೆ ಬಿದ್ದಿತ್ತು, ಅದರ ಬೆನ್ನಿಗೇ ಕೆಳಗಿನ ಗೇರಿನ ಆದೇಶ ಹೊರಟಿತ್ತು. ಅಂದರೆ ಕಾರು ನಿಂತೇ ಹೋಯಿತೆಂದು ಕಂಪ್ಯೂಟರು ನಂಬಿತ್ತು. ಮೀಟರಿನ ವೇಗ ಬೇರೊಂದು ಸೆನ್ಸರಿನಿಂದ ಬರುತ್ತಿದ್ದುದರಿಂದ ಅಲ್ಲಿ ಮುಳ್ಳು ಅಲುಗಿರಲಿಲ್ಲ.

ಮುಂದಿನ ಕೆಲಸ ಮಲ್ಟಿಮೀಟರಿನದು. ಬಿಚ್ಚಿ ತೆಗೆದ ಔಟ್‌ಪುಟ್ ವೇಗದ ಸೆನ್ಸರು ತಣ್ಣಗಿದ್ದಾಗ ಸುಮಾರು 600 ಓಮ್ ತೋರಿಸಿತು, ಹೇರ್ ಡ್ರೈಯರಿನಿಂದ ಕಾಯಿಸಿದಾಗ ಒಳಗಿನ ಸುರುಳಿಯ ಸಂಪರ್ಕವೇ ಕಡಿದುಹೋಗುತ್ತಿತ್ತು. ಸೆನ್ಸರ್ ಬದಲಿಸಿದ ಮೇಲೆ ಆ ಜಗ್ಗಾಟ ನಿಂತಿದೆ.

ಸ್ಕ್ಯಾನರಿನ ಮೆನು ಗೋಜಲು, ಕೇಬಲ್ ಗಿಡ್ಡ, ಉಚಿತ ಅವಧಿ ಮುಗಿದ ಮೇಲೆ ಅಪ್‌ಡೇಟಿಗೆ ಹಣ ಕೇಳುತ್ತದೆ. ಹಳೆಯ ಕಾರಿಗೆ ಹೊಸ ಅಪ್‌ಡೇಟಿನಿಂದ ಸಿಗುವುದು ಅಷ್ಟರಲ್ಲೇ ಇದೆ.

ಒತ್ತಡದ ಗೇಜು ಕೆಟ್ಟ ಸಲಕರಣೆಯಲ್ಲ. ಗೇರು ನಿಜವಾಗಿಯೂ ಜಾರುತ್ತಿದ್ದರೆ ಅದಕ್ಕೆ ಪಂಪಿನ ದುರ್ಬಲತೆ ಕಾರಣವೋ ಕ್ಲಚ್ಚಿನ ಸವೆತವೋ ಎಂಬುದರ ಸುಳಿವು ಸಿಗುವುದು ಅದರಿಂದಲೇ. ಆದರೆ 300 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ತಡೆಯುವ ಗೇಜನ್ನು ಪೆಟ್ಟಿಗೆಯ ಪಕ್ಕದ ರಂಧ್ರಕ್ಕೆ ತಿರುಗಿಸಿ, ಅದರ ಕೊಳವೆಯನ್ನು ಬಿಸಿ ಸೈಲೆನ್ಸರ್ ಪೈಪಿಗೆ ತಾಗದಂತೆ ಮೇಲೆ ತರುವುದು ಕಾರಿನಡಿ ಮಲಗಿ ಮಾಡುವ ಕೆಲಸ. ನನ್ನ ಬಳಿ ಲಿಫ್ಟ್ ಇಲ್ಲ. ಗೇಜಿನಲ್ಲಿ ಹೆಚ್ಚಿನ ಒತ್ತಡ ನೋಡಲು ಬ್ರೇಕ್ ಒತ್ತಿ ಹಿಡಿದು ಥ್ರಾಟಲನ್ನು ಪೂರ್ತಿ ತೆರೆಯುವ ಸ್ಟಾಲ್ ಪರೀಕ್ಷೆಯನ್ನು 5 ಸೆಕೆಂಡಿಗಿಂತ ಹೆಚ್ಚು ಮಾಡಬಾರದೆಂದು ಹೇಳುತ್ತಾರೆ. ಹಳೆಯ ಪೆಟ್ಟಿಗೆಯ ಮೇಲೆ ನಾನು ಅದನ್ನು ಮಾಡುವುದೇ ಇಲ್ಲ.

ಒಂದೇ ಕಾರನ್ನು ಬಹುಕಾಲ ಇಟ್ಟುಕೊಂಡು, ಸಣ್ಣ ರಿಪೇರಿಗಳನ್ನು ತಾನೇ ಮಾಡಿಕೊಂಡು, ದೊಡ್ಡದನ್ನಷ್ಟೇ ಗ್ಯಾರೇಜಿಗೆ ಬಿಡುವ ನನ್ನಂಥವನಿಗೆ ಕೈ ಸ್ಕ್ಯಾನರಿನ ಬೆಲೆ ಭಾರವೆನಿಸಲಿಲ್ಲ. ಗೇಜನ್ನು ಬೇಕೆನಿಸಿದಾಗ ಎರವಲು ತರಬಹುದು. ಸ್ಕ್ಯಾನರ್ ಕೊಳ್ಳುವವರು ಮಾತ್ರ ಡಬ್ಬಿಯ ಮೇಲಿನ ಮಾತನ್ನು ನಂಬದೆ, ತಮ್ಮ ಕಾರಿನ ಮಾದರಿ ಮತ್ತು ವರ್ಷಕ್ಕೆ ಟರ್ಬೈನ್ ವೇಗ, ಔಟ್‌ಪುಟ್ ವೇಗ ಮತ್ತು ಆದೇಶಿತ ಗೇರು ಈ ಮೂರೂ ಓಡುವಾಗ ಕಾಣುತ್ತವೆಯೇ ಎಂದು ಕಾರಿಗೆ ಜೋಡಿಸಿಯೇ ಖಚಿತಪಡಿಸಿಕೊಳ್ಳಬೇಕು. ಕಾಣದಿದ್ದರೆ ಅಗ್ಗದ ಅಡಾಪ್ಟರಿನಲ್ಲೇ ನಿಂತು, ಉಳಿದ ಹಣವನ್ನು ಇನ್ನೊಂದು ಗ್ಯಾರೇಜಿನ ತಪಾಸಣೆಗೆ ಇಟ್ಟುಕೊಳ್ಳುವುದು ಮೇಲು.