ಶೋಲಾ ಕಾಡಿನ ಹಕ್ಕಿಗೆ 8×42 ಬೈನಾಕ್ಯುಲರ್

ಮೈಸೂರಿನಿಂದ ಹುಣಸೂರು, ಗೋಣಿಕೊಪ್ಪ ದಾಟಿ ಕೊಡಗಿನ ಬ್ರಹ್ಮಗಿರಿಯ ಶೋಲಾ ಕಾಡಿಗೆ (ಎತ್ತರದ ಬೆಟ್ಟದ ಕಣಿವೆಗಳಲ್ಲಿ ಬೆಳೆಯುವ ಗಿಡ್ಡ ಮರಗಳ ದಟ್ಟ ಕಾಡು) ಹಕ್ಕಿ ನೋಡಲು ಹೋಗುವವರಿಗೆ 8×42 ಬೈನಾಕ್ಯುಲರೇ ಸರಿ. 8 ಎಂದರೆ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, 42 ಎಂದರೆ ಮುಂದಿನ ಲೆನ್ಸಿನ ಅಗಲ, ಮಿ.ಮೀ.ಗಳಲ್ಲಿ. ಅಂಗಡಿಯಲ್ಲಿ 10×25 ಪುಟ್ಟದ್ದು ಹಗುರ, ಅಗ್ಗ ಅಂತ ಮನಸ್ಸು ಅತ್ತ ವಾಲುತ್ತದೆ, ಬೇಡ. 42ನ್ನು 8ರಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ವೃತ್ತ 5.25 ಮಿ.ಮೀ.; 10×25ರಲ್ಲಿ ಬರೀ 2.5. ಇಲ್ಲಿನ ಪುಟ್ಟ ಹಾಡುಹಕ್ಕಿ ಬಾಣಾಸುರ ಚಿಲಪ್ಪನ್ ಓಡಾಡುವುದು ಮಂಜು ಕವಿದ ಮಬ್ಬು ಪೊದೆಗಳಲ್ಲಿ. ಸಣ್ಣದರಲ್ಲಿ ಕಪ್ಪು ನೆರಳಷ್ಟೇ ಸಿಗುತ್ತದೆ. 8×42ರಲ್ಲಿ ಬಿಳಿ ಹುಬ್ಬು, ಬೂದು ಎದೆ, ಕೆಂಗಂದು ಹೊಟ್ಟೆ ಬಿಡಿಬಿಡಿಯಾಗಿ ಕಾಣುತ್ತವೆ.

ಕೊಡಗು–ವಯನಾಡಿನ ಎತ್ತರದ ಬೆಟ್ಟಗಳನ್ನು ಬಿಟ್ಟರೆ ಈ ಹಕ್ಕಿ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಶೋಲಾ ತುಂಡಾದರೆ ಇದಕ್ಕೆ ಇನ್ನೊಂದು ಬೆಟ್ಟಕ್ಕೆ ಹೋಗುವ ದಾರಿಯಿಲ್ಲ. ಹಾಗಾಗಿ ಮೊಬೈಲಿನಲ್ಲಿ ಅದರ ಕೂಗು ಹಾಕಿ ಕರೆಯಲೇಬೇಡಿ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹತ್ತಬೇಡಿ.

‘ಮಸುಕು’ ಎಂಬ ದೂರು ಬರುವುದು ಹೆಚ್ಚಾಗಿ ಡಯಾಪ್ಟರ್ (ಎರಡು ಕಣ್ಣುಗಳ ದೃಷ್ಟಿಯ ವ್ಯತ್ಯಾಸ ಸರಿದೂಗಿಸುವ ಉಂಗುರ) ಹೊಂದಿಸದೆ ಇದ್ದಾಗ. ಬಲಗಣ್ಣು ಮುಚ್ಚಿ, ನಡುವಿನ ಚಕ್ರದಿಂದ ಎಡಗಣ್ಣಿಗೆ ಒಂದು ಎಲೆ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಬಲಗಡೆಯ ಉಂಗುರವನ್ನಷ್ಟೇ ತಿರುಗಿಸಿ. ಕನ್ನಡಕದವರು ಕಣ್ಣಿನ ಕಪ್ ಪೂರ್ತಿ ಒಳಕ್ಕೆ ತಿರುಗಿಸಿಟ್ಟುಕೊಳ್ಳಲಿ.

ನೈಟ್ರೋಜನ್ ತುಂಬಿದ, ನೀರು ಹೋಗದ ಮಾದರಿಯನ್ನೇ ಕೇಳಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಒಳಗೇ ಆವಿ ಕಟ್ಟಿ, ಮುಂದೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಒದ್ದೆಯಾದದ್ದನ್ನು ಚೀಲಕ್ಕೆ ತುರುಕಬೇಡಿ. ಒಣಗಿಸಿ, ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಡಿ. ತೂಕವೊಂದೇ ಕೊರತೆ: ಕತ್ತಿನ ಪಟ್ಟಿ ಬಿಟ್ಟು ಹೆಗಲ ಪಟ್ಟಿ ಹಾಕಿಕೊಳ್ಳಿ. ಕೊಳ್ಳುವ ಮುನ್ನ ಸಂಜೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮರದ ನೆರಳಿನಲ್ಲಿ ಪರೀಕ್ಷಿಸಲು ಅಂಗಡಿಯವರನ್ನು ಕೇಳಿ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ.