ಹುಬ್ಬಳ್ಳಿ-ಧಾರವಾಡಕ್ಕ ಎರಡು ದಿನ ಬಂದ್ರ ಎಲ್ಲೆ ಉಣ್ಣಬೇಕು, ಎಲ್ಲೆ ತಿರಗಬೇಕು

ಹೋದ ವಾರ ನಮ್ಮ ದೊಡ್ಡಪ್ಪನ ಮಗ ಬೆಂಗಳೂರಿಂದ ಫೋನ್ ಮಾಡಿದ್ದ, ಆಫೀಸಿನ ಗೆಳ್ಯಾರ್ನ ಕರ್ಕೊಂಡು ಬರಾಕತ್ತೇನಿ ತಮ್ಮಾ, ಎರಡು ದಿನ ಇರ್ತೀವಿ, ಎಲ್ಲೆ ಉಣ್ಣೂದು ಎಲ್ಲೆ ತಿರಗೂದು ಒಂದು ಲಿಸ್ಟ್ ಕಳಸು ಅಂದ. ಲಿಸ್ಟ್ ಮಾಡಾಕ ಕುಂತ್ರ ಹೋಟೆಲ್ ಹೆಸರಿಗಿಂತ ಹೇಳೂ ಮಾತ ಜಾಸ್ತಿ ಆದ್ವು, ಅದಕ್ಕ ಎಲ್ಲಾರಿಗೂ ಉಪಯೋಗ ಆಗ್ಲಿ ಅಂತ ಇಲ್ಲೆ ಬರದಿಡ್ತೀನಿ. ನಾ ಧಾರವಾಡದಾಗ ಹುಟ್ಟಿ ಬೆಳದಾಂವ, ಕೆಲಸ ಹುಬ್ಬಳ್ಳ್ಯಾಗ, ಹದಿನಾಲ್ಕು ವರ್ಷದಿಂದ ದಿನಾ ಓಡಾಡ್ತೀನಿ, ಎರಡೂ ಊರಿನ ಊಟ ಉಂಡೇನಿ.

ಮೊದಲ ಒಂದು ಮಾತು. ಎರಡೂ ಊರಿಗೆ 1962ರಿಂದ ಒಂದ ಮಹಾನಗರ ಪಾಲಿಕೆ ಐತಿ, ನಡುವಿನ ದಾರಿ ಇಪ್ಪತ್ತು ಕಿಲೋಮೀಟರ್ ಚಿಲ್ಲರ, ಆದ್ರ ಊಟದ ಲೆಕ್ಕದಾಗ ಎರಡೂ ಬ್ಯಾರೆ ಬ್ಯಾರೆ ಊರು. ಧಾರವಾಡ ಮುಂಜಾನೆ ಮತ್ತ ಮಧ್ಯಾಹ್ನದ ಊರು. ಹುಬ್ಬಳ್ಳಿ ಸಂಜಿ ಮತ್ತ ರಾತ್ರಿ ಊರು. ಇದನ್ನ ಉಲ್ಟಾ ಮಾಡಿದವರು ಏನ ಸಪ್ಪನ ಊರಪಾ ಅಂತ ಬೈಕೊಂತ ಹೋಗ್ತಾರ, ತಪ್ಪು ಊರಿಂದಲ್ಲ, ಟೈಮಿಂದು. ಓಡಾಡಾಕ ಕಾರ್ ಬೇಕಾಗಿಲ್ರಿ, ಚಿಗರಿ ಬಸ್ ಹತ್ರಿ, ಎಸಿ ಐತಿ, ಅದಕ್ಕ ಬ್ಯಾರೆ ದಾರಿನ ಮಾಡ್ಯಾರ, ಟ್ರಾಫಿಕ್ ಚಿಂತಿ ಇಲ್ಲ, ನಾ ಅಂತೂ ಬೈಕ್ ಮನ್ಯಾಗ ಬಿಟ್ಟು ಅದ್ರಾಗ ಹೋಗ್ತೀನಿ.

ಈಗ ಊಟಕ್ಕ ಬರೂಣು. ನೀವು ಎರಡು ದಿನದಾಗ ಒಂದ ಊಟ ಮಾಡ್ತೀರಿ ಅಂದ್ರ ಅದು ಖಾನಾವಳಿ ಊಟ ಆಗಬೇಕು, ಅದೂ ಮಧ್ಯಾಹ್ನ ಒಂದರಿಂದ ಎರಡೂವರಿ ಒಳಗ. ಧಾರವಾಡದಾಗ ಬಸಪ್ಪ ಖಾನಾವಳಿ ಹೆಸರು ಎಲ್ಲಾರೂ ಹೇಳ್ತಾರ, ಹೋಗ್ರಿ, ಆದ್ರ ಹೆಸರು ಇಲ್ದ ಸಣ್ಣ ಖಾನಾವಳಿ ಓಣಿಗೊಂದು ಅದಾವ, ಅವನ್ನ ಕೈಬಿಡಬ್ಯಾಡ್ರಿ. ಹೊಸ ಖಾನಾವಳಿ ಛೊಲೊ ಐತೋ ಇಲ್ಲೋ ನೋಡಾಕ ನಾ ಬೋರ್ಡ್ ನೋಡಂಗಿಲ್ಲ, ಫೋನ್ಯಾಗ ಸ್ಟಾರ್ ಎಷ್ಟ ಅದಾವ ಅಂತನೂ ನೋಡಂಗಿಲ್ಲ, ಬಾಗಲದಾಗ ನಿಂತು ಕಿವಿ ಕೊಡ್ತೀನಿ. ಒಳಗಿಂದ ಪಟ ಪಟ ಪಟ ಅಂತ ರೊಟ್ಟಿ ಬಡಿಯೂ ಸಪ್ಪಳ ಬಂತಂದ್ರ ಒಳಗ ಹೋಗಿ ಕುಂದರ್ತೀನಿ, ಬರಲಿಲ್ಲಂದ್ರ ಮುಂದಿನ ಓಣಿ. ಈ ಲೆಕ್ಕ ನನಗ ಇವತ್ತಿನ ತನಕ ಮೋಸ ಮಾಡಿಲ್ಲ.

ಯಾಕಂದ್ರ ಜ್ವಾಳದ ರೊಟ್ಟಿ ಚಪಾತಿ ಹಂಗ ಅಲ್ಲ. ಗೋದಿ ಹಿಟ್ಟಿಗೆ ಇರೂ ಜಿಗಿ ಜ್ವಾಳಕ್ಕ ಇಲ್ಲ, ತಣ್ಣೀರಾಗ ಕಲಸಿದ್ರ ಒಡದು ಹೋಗ್ತೈತಿ, ಅದಕ್ಕ ಎಸರು ಕುದಿಸಿ ಹಿಟ್ಟಿಗೆ ಹಾಕಿ, ಕೈ ಸುಡೂವಷ್ಟು ಬಿಸಿ ಇದ್ದಾಗ ನಾದಬೇಕು. ನಾ ಹೋಗೂ ಖಾನಾವಳ್ಯಾಗ ಒಬ್ಬ ಅಕ್ಕಾರು ಅದಾರ, ಅರವತ್ತರ ಹತ್ರ ವಯಸ್ಸು, ಅವರು ಮಾಡೂದು ನೋಡಕೊಂತ ನಾ ಎಷ್ಟೋ ಸಲ ಊಟ ಮರತೇನಿ. ಒಂದು ಉಂಡಿ ತಗೊಂಡು ಅಂಗೈಯಿಂದ ಒತ್ತಿ ಬಡಿಯಾಕ ಸುರು ಮಾಡಿದ್ರಂದ್ರ ರೊಟ್ಟಿ ತಾನ ಸುತ್ತ ತಿರಗಾಕತ್ತೈತಿ, ಲಟ್ಟಣಿಗಿ ಇಲ್ಲ, ಏನಿಲ್ಲ, ನೋಡನೋಡ್ತಿದ್ದಂಗ ತಾಟಿನಷ್ಟ ಅಗಲ. ಹಂಚಿನ ಮ್ಯಾಲೆ ಹಾಕಿ, ಮ್ಯಾಲಿನ ಒಣಹಿಟ್ಟು ಹೋಗೂವಂಗ ಒದ್ದಿ ಅರಬಿಯಿಂದ ನೀರು ಸವರತಾರ, ತಿರವಿ ಹಾಕ್ತಾರ, ಆಮ್ಯಾಲೆ ಉರಿಗೆ ಹಿಡದ್ರ ಬುಸ್ ಅಂತ ಉಬ್ಬತೈತಿ. ಆ ಉಬ್ಬಿದ ರೊಟ್ಟಿ ಸೀದಾ ನಿಮ್ಮ ತಾಟಿಗೆ ಬಂದು, ನಡಕ ಬಟ್ಟಿಟ್ರ ಉಗಿ ಹೊರಗ ಬರ್ತೈತಲಾ, ಅದು ರೊಟ್ಟಿ. ಹತ್ತು ನಿಮಿಷ ಬಿಟ್ರ ಅದ ರೊಟ್ಟಿ ಅರ್ಧಾ ಆಗ್ತೈತಿ, ಡಬ್ಬ್ಯಾಗ ಮುಚ್ಚಿಟ್ರ ಬೆವತು ಚರ್ಮ ಆಗ್ತೈತಿ.

ಇದನ್ನ ಇಷ್ಟ ಬಿಡಿಸಿ ಯಾಕ ಹೇಳಾಕತ್ತೇನಂದ್ರ, ಹೋದ ತಿಂಗಳ ಹೆಂಡ್ತಿ ಮಕ್ಕಳ್ನ ಕರ್ಕೊಂಡು ಬೈಪಾಸ್ ಕಡೆ ಹೊಸದಾಗಿ ತಗದಿರೂ ಒಂದು ದೊಡ್ಡ ಹೋಟೆಲಿಗೆ ಹೋಗಿದ್ದೆ, ಹೆಸರು ಬ್ಯಾಡ. ಗ್ವಾಡಿ ತುಂಬ ಎತ್ತಿನ ಗಾಡಿ ಚಿತ್ರ, ಬಡಿಸೂ ಹುಡುಗುರಿಗೆ ರುಮಾಲ ಸುತ್ಯಾರ, ಮೆನುದಾಗ "ಅಪ್ಪಟ ಉತ್ತರ ಕರ್ನಾಟಕ ಊಟ" ಅಂತ ದೊಡ್ಡ ಅಕ್ಷರದಾಗ ಐತಿ. ರೊಟ್ಟಿ ಬಂತು ನೋಡ್ರಿ, ಮಶೀನಿನ್ಯಾಗ ಒತ್ತಿದ್ದು, ಎಲ್ಲಾ ಒಂದ ಸೈಜು, ಬಿಸಿ ಡಬ್ಬ್ಯಾಗ ಇಟ್ಟಿದ್ದು, ಮುರದ್ರ ಮುರಿಯವಲ್ದು ಹರದ್ರ ಹರಿಯವಲ್ದು. ಎಣ್ಣಿಗಾಯಿಗೆ ಕ್ರೀಮ್ ಹಾಕಿದ್ರು! ಬದನಿಕಾಯಿ ಎಣ್ಣಿಗಾಯ್ಗೆ ಶೇಂಗಾಪುಡಿ, ಎಳ್ಳು, ಗುರೆಳ್ಳು, ಹುಣಸಿಹುಳಿ, ಚೂರು ಬೆಲ್ಲ, ಇಷ್ಟ ಮಸಾಲಿ, ಕ್ರೀಮ್ ಎಲ್ಲಿಂದ ಬಂತು? ನಾಲ್ಕು ಮಂದಿಗೆ ಸಾವಿರದ ಇನ್ನೂರು ಬಿಲ್ ಆತು, ನನ್ನ ಮಗಳು ಅರ್ಧಾ ರೊಟ್ಟಿ ತಿಂದು ಕೈ ತೊಳಕೊಂಡ್ಲು. ರೊಕ್ಕ ಹೋದದ್ದಕ್ಕ ಸಿಟ್ಟಿಲ್ಲ, ಹೊರಗಿನವರು ಇದನ್ನ ತಿಂದು ಇದ ನಮ್ಮ ಊಟ ಅಂತ ತಿಳಕೊಂಡು ಹೋಗ್ತಾರಲಾ, ಆ ಸಂಕಟ ದೊಡ್ಡದು. ಅದ ದುಡ್ಡಿನ್ಯಾಗ ಆ ಅಕ್ಕಾರ ಖಾನಾವಳ್ಯಾಗ ಹತ್ತು ಮಂದಿ ಉಣ್ಣಬಹುದಿತ್ತು.

ಖಾನಾವಳಿ ತಾಟಿನ್ಯಾಗ ಏನೇನ ಇರ್ತೈತಿ ಅಂದ್ರ, ಬಿಸಿ ರೊಟ್ಟಿ, ಎಣ್ಣಿಗಾಯಿ, ಒಂದು ಕಾಳು ಪಲ್ಯಾ, ಹೆಸರೋ ಮಡಕಿಯೋ ಅವತ್ತಿಂದು ಯಾವದೈತೋ ಅದು, ಒಂದು ತೊಪ್ಪಲ ಪಲ್ಯಾ, ಹಸಿ ಮೆಂತೆ ಸೊಪ್ಪು, ಸವತಿಕಾಯಿ, ಮೂಲಂಗಿ, ಉಳ್ಳಾಗಡ್ಡಿ, ಕೆನಿ ಮೊಸರು, ಶೇಂಗಾ ಹಿಂಡಿ ಅಂದ್ರ ಶೇಂಗಾ ಚಟ್ನಿಪುಡಿ. ಶೇಂಗಾ ಹಿಂಡಿಗೆ ಮೊಸರು ಕಲಿಸಿ ರೊಟ್ಟಿ ಹಚ್ಚಿ ತಿನ್ರಿ, ಪಲ್ಯಾ ಖಾಲಿ ಆದ್ರೂ ಗೊತ್ತಾಗಂಗಿಲ್ಲ. ಅನ್ನ ಸಾರು ಕಡೀಕ ಬರ್ತೈತಿ, ಅದಕ್ಕ ಹೊಟ್ಟಿ ಉಳಸಬ್ಯಾಡ್ರಿ, ರೊಟ್ಟಿ ಇನ್ನೊಂದು ಕೇಳ್ರಿ. ಝುಣಕದ ವಡಿ ಇದ್ದ ದಿನ ಹೋದ್ರ ನಿಮ್ಮ ನಸೀಬ.

ಖಾರದ ಬಗ್ಗೆ ಎಲ್ಲಾರೂ ಹೆದರ್ತಾರ, ಸಾರು ಕೆಂಪಗ ಕಂಡ್ರ ಸಾಕು ಕೈ ಹಿಂದ ತಗೀತಾರ. ನಮ್ಮ ಕಡೆ ಬಣ್ಣ ಕೊಡೂದು ಬ್ಯಾಡಗಿ ಮೆಣಸಿನಕಾಯಿ, ಇಲ್ಲೆ ಪಕ್ಕದ ಹಾವೇರಿ ಜಿಲ್ಲಾದ್ದು, ಒಣಗಿದ ಮ್ಯಾಲೆ ಸುಕ್ಕಗಟ್ಟಿ ಉದ್ದಕ ಇರ್ತೈತಿ, ಬಣ್ಣ ರಗಡ, ಖಾರ ಕಮ್ಮಿ. ಹಂಗಾಗಿ ಕೆಂಪಿದ್ದದ್ದೆಲ್ಲಾ ಖಾರ ಅಲ್ಲ. ಹುಷಾರಿರಬೇಕಾದ್ದು ಹಸಿರು ಬಣ್ಣದ್ದಕ್ಕ, ಹಸಿಮೆಣಸಿನಕಾಯಿ ಚಟ್ನಿ ಒಂದು ಚಮಚ ಸುಮ್ನ ಮೂಲ್ಯಾಗ ಕುಂತಿರ್ತೈತಿ, ಅದು ನಾಲಿಗಿ ಸುಟ್ಟಬಿಡ್ತೈತಿ.

ಪೇಡೆ. ಇದ್ರ ಮ್ಯಾಲೆ ಜಗಳ ಮಾಡಾಕ ನಾ ಯಾವತ್ತೂ ತಯಾರ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಪ್ಲೇಗಿಗೆ ಅಂಜಿ ಊರು ಬಿಟ್ಟು ಬಂದ ಠಾಕೂರ್ ಮನೆತನದವರು ಇಲ್ಲೆ ಸುರು ಮಾಡಿದ್ದು, ಈಗ ಧಾರವಾಡ ಪೇಡೆಗೆ ಜಿಐ ಟ್ಯಾಗೂ ಐತಿ. ಮಿಶ್ರಾ ಪೇಡೆ ಎಲ್ಲಾ ಕಡೆ ಸಿಗ್ತೈತಿ, ಛೊಲೊನೂ ಐತಿ, ಬಸ್ ಸ್ಟ್ಯಾಂಡಿನ್ಯಾಗ ಗಡಿಬಿಡಿ ಇದ್ರ ಅದನ್ನ ತಗೊಳ್ರಿ. ಆದ್ರ ಟೈಮ್ ಇದ್ರ ಲೈನ್ ಬಜಾರಿನ ಠಾಕೂರ್ ಅಂಗಡಿಗೆ ಮುಂಜಾನೆನ ಹೋಗ್ರಿ, ಪಾಳಿ ಹಚ್ಚಬೇಕಾಗ್ತೈತಿ, ಹಚ್ರಿ. ಖೋವಾ ಕಂದು ಬಣ್ಣ ಬರೂ ತನಕ ಹುರದು ಮಾಡಿರ್ತಾರ, ಮ್ಯಾಲೆ ಸಕ್ಕರಿ ಪುಡಿ ಹೊದಿಸಿರ್ತಾರ, ಮುರದು ನೋಡ್ರಿ ಒಳಗ ಮರಳ ಮರಳ ಇರಬೇಕು, ಮೆತ್ತಗ ಪೇಸ್ಟ್ ಹಂಗ ಇದ್ರ ಅದು ಸರಿ ಇಲ್ಲ. ಬಾಯಾಗ ಇಟ್ಟ ಕೂಡ್ಲೆ ಮೊದಲ ಸಿಹಿ, ಆಮ್ಯಾಲೆ ಸುಟ್ಟ ಹಾಲಿನ ವಾಸನಿ ಮೂಗಿಗೆ ಬರ್ತೈತಿ, ಆ ಎರಡನೇದಕ್ಕ ನಾವು ಪಾಳಿ ಹಚ್ಚೂದು. ಫ್ರಿಡ್ಜಿನ್ಯಾಗ ಮಾತ್ರ ಇಡಬ್ಯಾಡ್ರಿ, ಕಲ್ಲ ಆಗ್ತಾವ.

ಧಾರವಾಡದಾಗ ತಿರಗಾಕ ದೊಡ್ಡ ದೊಡ್ಡ ಜಾಗ ಹುಡುಕಬ್ಯಾಡ್ರಿ, ಈ ಊರು ಅಡ್ಡಾಡಾಕ ಇರೂದು. ಮುಂಜಾನೆ ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡದ ಮ್ಯಾಲೆ ಹೋಗ್ರಿ, ಮರಗೋಳ ನಡುವ ನಡಕೊಂತ ಬರ್ರಿ. ಸಾಧನಕೇರಿಗೆ ಸಂಜಿ ಮುಂದ ಹೋಗ್ರಿ, ಬೇಂದ್ರೆಯವರ ಮನಿನೂ ಅಲ್ಲೇ ಐತಿ, ಕೆರಿ ದಂಡಿಮ್ಯಾಲೆ ಕುಂದರಾಕ ಜಾಗ ಐತಿ. ಶನಿವಾರ ಇದ್ರ ನುಗ್ಗಿಕೇರಿ ಹನಮಪ್ಪನ ಗುಡಿ. ಜೂನಿಂದ ಸೆಪ್ಟೆಂಬರ್ ಒಳಗ ಬಂದ್ರ ಛತ್ರಿ ತಗೊಂಡ ಬರ್ರಿ, ಜಿಟಿಜಿಟಿ ಮಳಿ ಹಿಡಕೊಂಡ್ರ ಬಿಡೂದ ಇಲ್ಲ, ಆದ್ರ ಊರು ನೋಡಾಕ ಅದ ಸರಿಯಾದ ಟೈಮು ಅಂತೀನಿ ನಾ. ಮಳ್ಯಾಗ ನೆನಕೊಂಡು ಬಂದು ಗಾಡಿ ಮುಂದ ನಿಂತು ಗಿರ್ಮಿಟ್ ತಿನ್ನೂದು ಬಿಸಿಲಾಗ ತಿಂದಂಗ ಅಲ್ಲ.

ಗಿರ್ಮಿಟ್ ಗೊತ್ತಿಲ್ದವರು ಅದನ್ನ ಭೇಳ್ ಅಂತ ತಿಳಕೋತಾರ, ಅಲ್ರಿ. ಉಳ್ಳಾಗಡ್ಡಿ, ಟೊಮ್ಯಾಟೊ, ಹಸಿಮೆಣಸಿನಕಾಯಿ ಒಗ್ಗರಣಿ ಹಾಕಿ ಹುಣಸಿಹುಳಿ, ಬೆಲ್ಲ ಹಾಕಿ ಕುದಿಸಿದ ಗೊಜ್ಜು ಇರ್ತೈತಿ, ಅದಕ್ಕ ಚುರಮುರಿ ಹಾಕಿ, ಪುಟಾಣಿ ಹಿಟ್ಟು ಉದುರಿಸಿ ಕಲಸ್ತಾರ. ಪುಟಾಣಿ ಹಿಟ್ಟು ಕಮ್ಮಿ ಆದ್ರ ಹಸಿ ಹಸಿ ಅನಸ್ತೈತಿ, ಜಾಸ್ತಿ ಆದ್ರ ಗಂಟಲ ಹಿಡಿತೈತಿ. ಪಕ್ಕದಾಗ ಬಿಸಿ ಮಿರ್ಚಿ ಭಜಿ ಇರಾಕಬೇಕು. ಕಲಸಿ ಎರಡು ನಿಮಿಷದಾಗ ತಿಂದು ಮುಗಸ್ರಿ, ಫೋಟೊ ಆಮ್ಯಾಲೆ ತಗೀರಿ, ಚುರಮುರಿ ಮೆತ್ತಗಾದ್ರ ಮಜಾ ಹೋತು. ಮ್ಯಾಲೆ ಅರ್ಧಾ ಕಪ್ ಚಾ. ಬ್ಯಾಸಗಿ ಆದ್ರ ಚಾ ಬಿಟ್ಟು ಕಬ್ಬಿನ ಹಾಲು ಕುಡೀರಿ, ಬರಫ ಬ್ಯಾಡ ಅಂತ ಮೊದಲ ಹೇಳ್ರಿ, ಇಲ್ಲಂದ್ರ ಅರ್ಧಾ ಗ್ಲಾಸ್ ನೀರ ಕುಡದಂಗ ಆಗ್ತೈತಿ.

ಐದರ ಹೊತ್ತಿಗೆ ಚಿಗರಿ ಹತ್ತಿ ಹುಬ್ಬಳ್ಳಿ ಕಡೆ ಹೊಂಡ್ರಿ. ದಾರ್ಯಾಗ ಉಣಕಲ್ಲಿನ್ಯಾಗ ಇಳೀರಿ, ಕೆರಿ ಮಂದಿ ಎಲ್ಲಾ ನೋಡ್ತಾರ, ಅಲ್ಲೇ ಊರ ಒಳಗ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ ಐತಿ, ಅಲ್ಲಿಗೆ ಹೋಗೂವರು ಕಮ್ಮಿ. ಸುತ್ತ ಮನಿ, ನಡುವ ಕಲ್ಲಿನ ಗುಡಿ, ನಾಲ್ಕೂ ದಿಕ್ಕಿಗೆ ಬಾಗಲಾ, ಸಂಜಿ ಬಿಸಲ ಕಂಬದ ಮ್ಯಾಲೆ ಬಿದ್ದಾಗ ನೋಡ್ರಿ. ಮೇಲಿಂದ ಊರು ನೋಡಬೇಕಂದ್ರ ನೃಪತುಂಗ ಬೆಟ್ಟ. ರೈಲ್ವೆ ಸ್ಟೇಶನ್ನಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ ಐತಿ, ಜಗತ್ತಿನ್ಯಾಗ ಎಲ್ಲಕ್ಕಿಂತ ಉದ್ದಂದು, ಟ್ರೇನಿಗೆ ಹೋಗೂವರು ನೋಡ್ತೀರಿ, ಅದಕ್ಕಂತ ಬ್ಯಾರೆ ಹೋಗೂದು ಬೇಕಾಗಿಲ್ಲ, ಆದ್ರ ಬೋಗಿ ಎಲ್ಲಿ ನಿಲ್ತೈತಿ ಅಂತ ಮೊದಲ ಕೇಳ್ರಿ, ಲಗೇಜ್ ಹಿಡಕೊಂಡು ಅಷ್ಟು ನಡಿಯೂದು ಕೂಸಿನ ಆಟ ಅಲ್ಲ. ಸಿದ್ಧಾರೂಢ ಮಠಕ್ಕ ಹೋಗ್ರಿ, ಪ್ರಸಾದ ತಗೊಳ್ರಿ, ಅಲ್ಲೆ ಕುಂತ್ರ ಏಳಾಕ ಮನಸ್ಸಾಗಂಗಿಲ್ಲ.

ಕತ್ತಲಾದ ಮ್ಯಾಲೆ ದುರ್ಗದಬೈಲು. ಗಾಡಿ, ಲೈಟು, ಎಣ್ಣಿ ವಾಸನಿ, ಗದ್ದಲ, ನಿಂತು ತಿನ್ನೂ ಮಂದಿ. ಒಂದ ಗಾಡ್ಯಾಗ ಹೊಟ್ಟಿ ತುಂಬಿಸಬ್ಯಾಡ್ರಿ, ಹಂಚಿಕೊಂಡು ಚೂರಚೂರ ತಿನ್ರಿ. ಇಲ್ಲಿ ಪಾವ್ ಭಾಜಿ, ದೋಸಿ ಎಲ್ಲಾ ಐತಿ, ಬೆಣ್ಣಿ ಮಾತ್ರ ಈಗ ಕೈ ಬಿಟ್ಟು ಹಾಕಾಕತ್ಯಾರ, ಮಸಾಲಿ ರುಚಿನ ಗೊತ್ತಾಗಂಗಿಲ್ಲ, ಅದು ನನಗ ಸೇರಂಗಿಲ್ಲ, ಕಮ್ಮಿ ಹಾಕ್ರಿ ಅಂತ ಹೇಳಿದ್ರ ಹಾಕ್ತಾರ.

ಮಾಂಸದ ಊಟ ಮಾಡೂವರು ದುರ್ಗದಬೈಲಿನ್ಯಾಗ ಹೊಟ್ಟಿ ಅರ್ಧಾ ಖಾಲಿ ಇಟ್ಕೊಂಡು ಸಾವಜಿ ಹೋಟೆಲಿಗೆ ಹೋಗಬೇಕು. ಇದು ಎಸ್‌ಎಸ್‌ಕೆ (ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ) ಸಮಾಜದವರ ಮನಿ ಅಡಗಿ, ಅವರ ಹೆಸರಿನ ಹೋಟೆಲ್ ಈಗ ಎಲ್ಲಾ ಊರಾಗ ಅದಾವ, ಆದ್ರ ಹುಬ್ಬಳ್ಳಿ ಸಾವಜಿ ಹುಬ್ಬಳ್ಳಿದ. ಒಣಕೊಬ್ಬರಿ, ಗಸಗಸಿ, ಲವಂಗ, ಚಕ್ಕಿ ಎಲ್ಲಾ ಹುರದು ಅರದ ಮಸಾಲಿ, ಮ್ಯಾಲೆ ಕೆಂಪು ಎಣ್ಣಿ ತೇಲತಿರ್ತೈತಿ. ಮಟನ್ ರಸಾ, ಖೈಮಾ ಉಂಡಿ, ಧೈರ್ಯ ಇದ್ದವರು ಬೋಟಿ. ಮುಂಚೆ ಬ್ಯಾಡಗಿ ಬಗ್ಗೆ ಹೇಳಿದ್ದು ಇಲ್ಲಿ ನಡಿಯಂಗಿಲ್ಲ, ಇಲ್ಲಿ ಖಾರ ಖರೇನ ಖಾರ, ಮೂಗಿನ್ಯಾಗ ನೀರು ಬರ್ತೈತಿ. ನೀರು ಕುಡೀಬ್ಯಾಡ್ರಿ, ಕುಡದಷ್ಟೂ ಉರಿ ಏರತೈತಿ, ಮೊಸರು ತರಸ್ರಿ. ಒಂದ ದೂರು ಐತಿ, ಕೆಲವು ಕಡೆ ರಸಾಕ್ಕ ಬಣ್ಣ ಬರ್ಲಿ ಅಂತ ಏನೋ ಸೇರಸಾಕತ್ಯಾರ ಅಂತ ನನಗ ಅನುಮಾನ, ಊಟ ಆದ ಮ್ಯಾಲೆ ಕೈ ತೊಳದ್ರೂ ಬಟ್ಟಿಗೆ ಗುಲಾಬಿ ಬಣ್ಣ ಉಳೀತೈತಿ. ಮೆಣಸಿನಕಾಯಿ ಬಣ್ಣ ಹಂಗ ಗುಲಾಬಿ ಇರಂಗಿಲ್ಲ. ಅಂಥಲ್ಲಿಗೆ ನಾ ಎರಡನೇ ಸಲ ಹೋಗಂಗಿಲ್ಲ.

ಡಿಸೆಂಬರ್, ಜನವರಿಗೆ ಬರಾವರಿಗೆ ಒಂದು ಬ್ಯಾರೆ ಮಾತು. ಆವಾಗ ಹೊಲದಾಗ ಸೀತನಿ ಸಿಗ್ತೈತಿ, ಎಳೆ ಜ್ವಾಳದ ತೆನಿ ಕೆಂಡದಾಗ ಸುಟ್ಟು, ಅಂಗೈಯಾಗ ತಿಕ್ಕಿ ಕಾಳು ಬಿಡಸಿ, ಬೆಲ್ಲ, ಶೇಂಗಾ ಹಿಂಡಿ ಜೋಡಿ ತಿನ್ನೂದು. ಇದು ಯಾವ ಹೋಟೆಲಿನ್ಯಾಗೂ ಸರಿಯಾಗಿ ಸಿಗಂಗಿಲ್ಲ, ಯಾಕಂದ್ರ ಸುಟ್ಟಲ್ಲೇ ಕುಂತು ತಿನ್ನಬೇಕು. ಹಳ್ಳಿ ಕಡೆ ಗುರತಿನವರು ಯಾರರೆ ಇದ್ರ ನಾಚಿಕಿ ಬಿಟ್ಟು ಕೇಳ್ರಿ, ಕರೀತಾರ, ಇಲ್ಲ ಅನ್ನಾಂಗಿಲ್ಲ ಈ ಕಡೆ ಮಂದಿ.

ವಾಪಸ್ ಹೋಗೂವಾಗ ಪೇಡೆ ಎಲ್ಲಾರೂ ಒಯ್ತಾರ, ನೀವು ಖಡಕ್ ರೊಟ್ಟಿನೂ ಕಟ್ಟಿಸ್ಕೊಳ್ರಿ, ಸಣ್ಣ ಖಾನಾವಳಿಗೋಳಾಗ ಮೊದಲ ಹೇಳಿದ್ರ ಮಾಡಿ ಕೊಡ್ತಾರ, ನೀರು ತಾಗದಂಗ ಇಟ್ರ ತಿಂಗಳಗಟ್ಲೆ ಇರ್ತಾವ. ಬ್ಯಾಗಿನ್ಯಾಗ ಅರಬಿ ಕೆಳಗ ತುರಕಬ್ಯಾಡ್ರಿ, ಪುಡಿ ಪುಡಿ ಆಗ್ತಾವ, ಕೈಯಾಗ ಹಿಡಕೊಂಡ ಹೋಗ್ರಿ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಪಾವ್ ಕಿಲೋದಂಗ ಮೂರೂ ತಗೊಳ್ರಿ, ಅಗಸಿ ಹಿಂಡಿ ಮೊದಲ ಖಾಲಿ ಮಾಡ್ರಿ, ಅದರ ಎಣ್ಣಿ ಲಗೂನ ಕಮಟ ಹಿಡೀತೈತಿ. ನಮ್ಮಣ್ಣ ಶುಕ್ರವಾರ ರಾತ್ರಿ ಟ್ರೇನಿಗೆ ಬರಾಕತ್ತಾನ, ಶನಿವಾರ ಮಧ್ಯಾಹ್ನ ಒಂದಕ್ಕ ಆರು ಮಂದಿ ಬರ್ತೀವಿ ಅಂತ ಆ ಅಕ್ಕಾರಿಗೆ ಈಗಾಗ್ಲೆ ಹೇಳಿಟ್ಟೇನಿ.